ನಸೂಟ ಹಣ್ಣುನೊಣ
ಮಾಗಿದ ಹಣ್ಣಿಗೆ ಮುತ್ತುವ ಡ್ರೊಸೊಫಿಲ ಕುಲದ ಒಂದು ಪ್ರಭೇದ. 1910ರಲ್ಲಿ ಅಮೆರಿಕದ ಟಿ. ಎಚ್. ಮಾರ್ಗನ್ ಇದೇ ಕುಲದ ಮೆಲನೊಗ್ಯಾಸ್ಟರ್ ಪ್ರಭೇದದಲ್ಲಿ ಬಿಳಿಗಣ್ಣಿನ ಗಂಡುನೊಣವನ್ನು ಗುರುತಿಸಿದ ಮೇಲೆ ಹಣ್ಣುನೊಣ ತಳಿವಿಜ್ಞಾನದ ಪ್ರಧಾನ ಪ್ರಯೋಗಜೀವಿಯಾಯಿತು. ಕರ್ನಾಟಕದಲ್ಲಿ ಹಣ್ಣುನೊಣ ಸಂಶೋಧನೆಯ ಮುಖ್ಯ ನೆಲೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಎನ್. ಬಿ. ಕೃಷ್ಣಮೂರ್ತಿ, ಎಚ್. ಎ. ರಂಗನಾಥ್ ಮೊದಲಾದವರು ಇಲ್ಲಿ ದುಡಿದರು.

ನಸೂಟ ಪ್ರಭೇದದ ನಸೂಟ ಎಂಬ ಉಪಪ್ರಭೇದದಲ್ಲಿ 8 ವರ್ಣತಂತುಗಳಿವೆ. ಅದರ ಹತ್ತಿರದ ಬಂಧು ಆಲ್ಬೊಮಿಕನ್ಸ್‌ನಲ್ಲಿ 6. ಆಲ್ಬೊಮಿಕನ್ಸ್‌ನಲ್ಲಿ ಮೂರನೆಯ ವರ್ಣತಂತು ಎಕ್ಸ್ ಮತ್ತು ವೈ ಲಿಂಗ ವರ್ಣತಂತುಗಳೊಂದಿಗೆ ಬೆಸೆದುಕೊಂಡದ್ದೇ ಈ ವ್ಯತ್ಯಾಸಕ್ಕೆ ಕಾರಣ. ಆದರೂ ಇವೆರಡರ ಮಿಶ್ರಸಂತತಿಗೆ ಸಂತಾನಶಕ್ತಿ ಉಂಟು. ಆ ಸಂತತಿಯನ್ನು ತಲೆಮಾರುಗಟ್ಟಲೆ ಸಾಕಿ, ಹೊಸ ವರ್ಣತಂತು ವಿನ್ಯಾಸಗಳುಳ್ಳ ‘ಸೈಟೊರೇಸ್’ಗಳನ್ನು ಮೈಸೂರಿನಲ್ಲಿ ಪಡೆಯಲಾಯಿತು. ಪ್ರಭೇದಗಳು ಕವಲೊಡೆಯುವ ಮೊದಲ ಹಂತಗಳನ್ನು ಪ್ರಯೋಗಾಲಯದಲ್ಲೇ ಗಮನಿಸಲು ಇವು ನೆರವಾದವು.