ಪೇಟೆ ಎಂಬ ಪದದ ಹರಹು

ಬೆಂಗಳೂರಿನ ಚಿಕ್ಕಪೇಟೆಯ ಹೆಸರಿನಲ್ಲಿರುವ 'ಪೇಟೆ' ಕನ್ನಡವೊಂದಕ್ಕೇ ಸೇರಿದ ಪದವಲ್ಲ. ಅದು ತಮಿಳಿನಲ್ಲಿ 'ಪೇಟ್ಟೈ', ತೆಲುಗಿನಲ್ಲಿ 'ಪೇಟ', ಮಲಯಾಳದಲ್ಲಿ 'ಪೇಟ್ಟ', ತುಳುವಿನಲ್ಲಿ 'ಪೇಂಟೆ', ಮರಾಠಿಯಲ್ಲಿ 'ಪೇಠ್' ಎಂದು ಬಳಕೆಯಲ್ಲಿದೆ. ಲ್ಯಾಟಿನ್ನಿನಿಂದ ಕವಲೊಡೆದ ರೋಮಾನ್ಸ್ ಭಾಷೆಗಳಲ್ಲಿಯೂ ಇಂಥದೇ ಒಂದು ಪದವಿದೆ. ಅಗಲವಾದ ಬೀದಿ ಎಂಬರ್ಥದ ಗ್ರೀಕ್ ಮೂಲದ 'ಪ್ಲಾಟಿಯಾ' ಇಟಲಿಯಲ್ಲಿ 'ಪಿಯಾತ್ಸಾ', ಸ್ಪೇನಿನಲ್ಲಿ 'ಪ್ಲಾಸಾ' ಆಗಿ ಊರ ಚೌಕವನ್ನು ಸೂಚಿಸಿದರೆ, ಫ್ರೆಂಚಿನ 'ಪ್ಲಾಸ್' ಜಾಗ ಎಂಬ ಅರ್ಥಕ್ಕೂ ಹಿಗ್ಗಿತು. ರೊಮೇನಿಯನ್ ಭಾಷೆಯ 'ಪ್ಯಾತ್ಸ' ಮಾರುಕಟ್ಟೆಗೂ ಸಲ್ಲುತ್ತದೆ.

ಪೇಟೆಯ ಅರ್ಥವೂ ನೆಲದಿಂದ ನೆಲಕ್ಕೆ ಹೀಗೆಯೇ ಸರಿದಿದೆ. ಚೆನ್ನೈನ ಸೈದಾಪೇಟೆಯಲ್ಲಿ ಅದು ವಸತಿಯ ಹೆಸರು. ಪುಣೆಯಲ್ಲಿ ಬುಧವಾರ, ಶನಿವಾರ ಎಂದು ವಾರದ ಹೆಸರು ಹೊತ್ತ ಕೇರಿ. ಕನ್ನಡದಲ್ಲಿ ಮಾತ್ರ ವ್ಯಾಪಾರದ ಅರ್ಥ ಗಟ್ಟಿಯಾಗಿ ಉಳಿದಿದ್ದು, ಪತ್ರಿಕೆಗಳು ಚಿನ್ನ ಬೆಳ್ಳಿಯ ದರವನ್ನು 'ಚಿನಿವಾರ ಪೇಟೆ' ಎಂಬ ತಲೆಬರಹದಡಿ ಕೊಡುತ್ತವೆ. ಕಟ್ಟಡವಾಗಲಿ ಬೀದಿಯಾಗಲಿ ಬೇಕಿಲ್ಲದ ಆಧುನಿಕ ವಹಿವಾಟಿಗೂ 'ಷೇರುಪೇಟೆ' ಎಂಬ ಹೆಸರು ಸಹಜವಾಗಿ ಒದಗಿತು. ಹಳ್ಳಿಯವರು 'ಪೇಟೆಗೆ ಹೋಗಿಬರುತ್ತೇನೆ' ಎಂದಾಗ ಅಂಗಡಿಸಾಲು, ಪಟ್ಟಣ ಎರಡೂ ಆ ಒಂದೇ ಮಾತಿನಲ್ಲಿ ಅಡಗಿರುತ್ತವೆ. (ತಲೆಗೆ ಸುತ್ತುವ ಮೈಸೂರು ಪೇಟ ಬೇರೆಯೇ ಪದ.)

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳಲಾಗುವ ಊರಿನಲ್ಲಿ ಯಲಹಂಕ ಬಾಗಿಲಿನಿಂದ ಕೋಟೆಯತ್ತ ಸಾಗುವ ದೊಡ್ಡಪೇಟೆ, ಅದನ್ನು ಅಡ್ಡಹಾಯುವ ಚಿಕ್ಕಪೇಟೆ ಇವೆರಡೇ ಹೆದ್ದಾರಿಗಳಾಗಿದ್ದು, ಅವುಗಳ ಸುತ್ತ ಕಸುಬು ಮತ್ತು ಸರಕುಗಳ ಹೆಸರಿನ ಪೇಟೆಗಳು ಹಬ್ಬಿಕೊಂಡವು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳು ಮಾರುವ ಮಾಲನ್ನು ಹೇಳಿದರೆ ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆಗಳು ದುಡಿಯುವವರನ್ನು ಹೇಳುತ್ತವೆ. ಕಮಿಷನರ್ ಮಾರ್ಕ್ ಕಬ್ಬನ್ನರ ಹೆಸರು ಕೂಡ ಪೇಟೆಗೆ ಅಂಟಿ ಕಬ್ಬನ್‌ಪೇಟೆಯಾಯಿತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನೂ ಎರಡು ವಾರಗಳ ನಂತರ ಕೋಟೆಯನ್ನೂ ಹಿಡಿದ ವೃತ್ತಾಂತದಲ್ಲಿ ಇಂಗ್ಲಿಷರು ಬಳಸಿದ 'ಪೆಟ್ಟಾ' ಇದೇ ಪದವಾಗಿದ್ದು, ಕೋಟೆಗೆ ಹೊರತಾದ ಊರು ಎಂಬ ಅರ್ಥದಲ್ಲಿ ಅವರ ನಿಘಂಟುಗಳನ್ನೂ ಸೇರಿತು.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, ವಾಸಕ್ಕೆಂದು ಯೋಜಿಸಿದ ಬಡಾವಣೆಯಾಗಿದ್ದರೂ ಪೇಟೆಯೆಂಬ ಹೆಸರನ್ನೇ ಪಡೆಯಿತು. 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ದೇವಾಲಯಗಳ ಹೆಸರನ್ನು ತಾಳಿದವು. ಅಲ್ಲಿಂದಾಚೆಗೆ ಬಂದ ಬಡಾವಣೆಗಳು ಬಹುಮಟ್ಟಿಗೆ ನಗರ, ಪುರಗಳ ಕಡೆಗೆ ವಾಲಿದ್ದರಿಂದ ಪೇಟೆ ಎಂಬುದು ಹಳೆಯ ಊರಿನ ಗುರುತಾಗಿ ಉಳಿಯಿತು.

ಚಿಕ್ಕಪೇಟೆಗೆ ಸಿಕ್ಕ ಆಯುಷ್ಯ ದೊಡ್ಡಪೇಟೆಗೆ ಸಿಗಲಿಲ್ಲ. 2017ರಲ್ಲಿ ಆರಂಭವಾದ ಮೆಟ್ರೋ ನಿಲ್ದಾಣಕ್ಕೆ ಚಿಕ್ಕಪೇಟೆಯ ಹೆಸರು ದಕ್ಕಿತು, ಆದರೆ ದೊಡ್ಡಪೇಟೆ 'ಅವೆನ್ಯೂ ರಸ್ತೆ'ಯಾಗಿದೆ. 'ಅವೆನ್ಯೂ' ಎಂಬುದು 'ಬಂದು ಸೇರು' ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ; ಅದಕ್ಕೂ ತನ್ನದೇ ಗೌರವದ ಚರಿತ್ರೆ ಇದೆಯಾದರೂ, ಪುಸ್ತಕದಂಗಡಿಗಳಿಂದ ತುಂಬಿದ ಆ ಕಿರಿದಾದ ಬೀದಿಯ ಹುಟ್ಟನ್ನು ಅದು ಹೇಳಲಾರದು. ದೊಡ್ಡದಿಲ್ಲದೆ ಚಿಕ್ಕದೆಂಬ ವಿಶೇಷಣಕ್ಕೂ ಆಧಾರವಿಲ್ಲ. ಆದ್ದರಿಂದ ಆ ರಸ್ತೆಯ ಪ್ರತಿ ನಾಮಫಲಕದಲ್ಲಿಯೂ ದೊಡ್ಡಪೇಟೆ ಎಂಬ ಹೆಸರನ್ನು ಮೊದಲು ಬರೆಸುವ ಕೆಲಸವನ್ನು ನಗರಾಡಳಿತ ಕೈಗೆತ್ತಿಕೊಳ್ಳಬೇಕು.