ಬೆಕ್ಕಿನ ಮಧುಮೇಹದ ಉಪಶಮನ

ಬೆಕ್ಕಿನ ಮಧುಮೇಹದ ಉಪಶಮನ ಎಂದರೆ ಮಧುಮೇಹಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಸಾಕುಬೆಕ್ಕಿನ ರಕ್ತದ ಗ್ಲೂಕೋಸ್ ಪ್ರಮಾಣವು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಬೇರೆ ಯಾವುದೇ ಔಷಧದ ನೆರವಿಲ್ಲದೆ ಸಹಜ ಮಟ್ಟದಲ್ಲಿ ಉಳಿಯುವ ಸ್ಥಿತಿ. ಇನ್ಸುಲಿನ್ ನಿಲ್ಲಿಸಿದ ಮೇಲೆ ಕನಿಷ್ಠ 4 ವಾರ ಈ ಸ್ಥಿತಿ ಮುಂದುವರಿದು, ಅತಿಬಾಯಾರಿಕೆ, ಅತಿಮೂತ್ರ, ತೂಕ ಇಳಿಕೆ ಮುಂತಾದ ಲಕ್ಷಣಗಳೂ ಕಾಣದಿದ್ದರೆ ಅದನ್ನು ಉಪಶಮನವೆಂದು ಪರಿಗಣಿಸಲಾಗುತ್ತದೆ. ಉಪಶಮನ ರೋಗದಿಂದ ಪೂರ್ಣ ಬಿಡುಗಡೆಯಲ್ಲ. ಗಣನೀಯ ಸಂಖ್ಯೆಯ ಬೆಕ್ಕುಗಳಲ್ಲಿ ರೋಗ ಮರುಕಳಿಸುವುದರಿಂದ ಇನ್ಸುಲಿನ್ ನಿಲ್ಲಿಸಿದ ಬಳಿಕವೂ ಬೆಕ್ಕಿನ ಜೀವಮಾನವಿಡೀ ನಿಗಾ ಮುಂದುವರಿಸಬೇಕಾಗುತ್ತದೆ. ಈ ನಿಗಾದ ಹೆಚ್ಚಿನ ಭಾಗ ಮನೆಯಲ್ಲೇ ನಡೆಯುವಂಥದ್ದು. ಆದ್ದರಿಂದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂತೆ ಮಹಾನಗರಗಳಿಂದ ದೂರವಿರುವ ಪ್ರದೇಶಗಳಲ್ಲಿಯೂ ಇದನ್ನು ಕೈಗೊಳ್ಳಲು ಸಾಧ್ಯವಿದೆ.

ರೋಗದ ಸ್ವರೂಪ

ಬೆಕ್ಕುಗಳ ಮಧುಮೇಹವು ಬಹುಪಾಲು ಮನುಷ್ಯರ ಎರಡನೇ ವಿಧದ ಮಧುಮೇಹವನ್ನು ಹೋಲುತ್ತದೆ. ದೇಹದ ಅಂಗಾಂಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಜೊತೆಗೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಇನ್ಸುಲಿನ್ ಉತ್ಪಾದನೆಯೂ ಕ್ರಮೇಣ ಕುಗ್ಗುತ್ತದೆ. ಅಮೈಲಿನ್ ಎಂಬ ಹಾರ್ಮೋನಿನಿಂದ ರೂಪುಗೊಳ್ಳುವ ಅಮೈಲಾಯ್ಡ್ ಸಂಚಯವು ರೋಗಪೀಡಿತ ಬೆಕ್ಕು ಮತ್ತು ಮನುಷ್ಯರ ಮೇದೋಜೀರಕ ಗ್ರಂಥಿಯಲ್ಲಿ ಒಂದೇ ಬಗೆಯಲ್ಲಿ ಕಂಡುಬರುತ್ತದೆ. ನಾಯಿಗಳಲ್ಲಿ ರೋಗ ಪತ್ತೆಯಾಗುವ ವೇಳೆಗೆ ಬೀಟಾ ಕೋಶಗಳು ಬಹುತೇಕ ನಾಶವಾಗಿರುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಜೀವನಪರ್ಯಂತ ಇನ್ಸುಲಿನ್ ಬೇಕಾಗುತ್ತದೆ. ಉಪಶಮನವು ಬೆಕ್ಕುಗಳಲ್ಲಿಯೇ ಹೆಚ್ಚಾಗಿ ಕಂಡುಬರಲು ಇದು ಮುಖ್ಯ ಕಾರಣ.

ಬೊಜ್ಜು, ಹೆಚ್ಚಿದ ವಯಸ್ಸು, ಗಂಡು ಲಿಂಗ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಮನೆಯೊಳಗಿನ ಚಟುವಟಿಕೆಯಿಲ್ಲದ ಬದುಕು ರೋಗದ ಅಪಾಯವನ್ನು ಹೆಚ್ಚಿಸುವ ಅಂಶಗಳಾಗಿವೆ. ಬರ್ಮೀಸ್ ತಳಿಯ ಬೆಕ್ಕುಗಳಲ್ಲಿ ಇದು ಹೆಚ್ಚು ಎಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಬ್ರಿಟನ್‌ಗಳಲ್ಲಿ ಗುರುತಿಸಲಾಗಿದೆ. ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಔಷಧಗಳು, ಮೇದೋಜೀರಕ ಗ್ರಂಥಿಯ ಉರಿಯೂತ ಮತ್ತು ಬೆಳವಣಿಗೆಯ ಹಾರ್ಮೋನಿನ ಅತಿಸ್ರಾವವೂ ಮಧುಮೇಹಕ್ಕೆ ದಾರಿಯಾಗಬಹುದು.

ಉಪಶಮನ ಉಂಟಾಗುವ ಬಗೆ

ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಅಧಿಕವಾಗಿದ್ದರೆ ಅದೇ ಬೀಟಾ ಕೋಶಗಳ ಕೆಲಸವನ್ನು ಅಡಗಿಸುತ್ತದೆ. ಇದನ್ನು ಗ್ಲೂಕೋಸ್ ವಿಷಪ್ರಭಾವ ಎನ್ನಲಾಗುತ್ತದೆ. ಆರಂಭದ ಹಂತದಲ್ಲಿ ಈ ಹಾನಿ ಹಿಂದಿರುಗಿಸಬಹುದಾದದ್ದು. ಇನ್ಸುಲಿನ್ ನೀಡಿ, ಆಹಾರ ಬದಲಿಸಿ ಗ್ಲೂಕೋಸನ್ನು ಸಹಜ ಮಟ್ಟಕ್ಕೆ ತಂದಾಗ ಅಳಿದುಳಿದ ಬೀಟಾ ಕೋಶಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ವಿಳಂಬವಾದಷ್ಟೂ ಹಾನಿ ಶಾಶ್ವತವಾಗುತ್ತದೆ.

ರೂಂಪ್ ಮತ್ತು ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿಗೆ ಗ್ಲಾರ್ಜಿನ್ ಇನ್ಸುಲಿನ್ ನೀಡಿ, ಮನೆಯಲ್ಲೇ ನಿಕಟವಾಗಿ ಪರೀಕ್ಷಿಸಲಾಯಿತು. ರೋಗ ಪತ್ತೆಯಾದ 6 ತಿಂಗಳೊಳಗೆ ಈ ಕ್ರಮ ಆರಂಭಿಸಿದ ಬೆಕ್ಕುಗಳಲ್ಲಿ ಶೇ. 84 ಉಪಶಮನ ಪಡೆದರೆ, ಅನಂತರ ಆರಂಭಿಸಿದವುಗಳಲ್ಲಿ ಶೇ. 35 ಮಾತ್ರ ಪಡೆದವು. ಝೀನಿ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ 90 ಬೆಕ್ಕುಗಳ ಪೈಕಿ 45 ಉಪಶಮನ ತಲುಪಿದವು. ಅವುಗಳಲ್ಲಿ 13 ಬೆಕ್ಕುಗಳಿಗೆ ರೋಗ ಮರುಕಳಿಸಿತು. ಆಯ್ದ ಬೆಕ್ಕುಗಳು, ಚಿಕಿತ್ಸಾ ಕ್ರಮ ಮತ್ತು ಉಪಶಮನದ ವ್ಯಾಖ್ಯೆ ಬೇರೆಬೇರೆಯಾಗಿರುವುದರಿಂದ ಅಧ್ಯಯನಗಳ ನಡುವೆ ಈ ಪ್ರಮಾಣ ಬಹಳ ವ್ಯತ್ಯಾಸಗೊಳ್ಳುತ್ತದೆ.

ಇನ್ಸುಲಿನ್ ನಿಲ್ಲಿಸುವ ಹಂತ

ಬೀಟಾ ಕೋಶಗಳು ಚೇತರಿಸಿಕೊಳ್ಳುತ್ತಿರುವಾಗ ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ನೀಡುತ್ತಾ ಹೋದರೆ ರಕ್ತದ ಗ್ಲೂಕೋಸ್ ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತದೆ. ದೌರ್ಬಲ್ಯ, ತೂರಾಡುವ ನಡಿಗೆ, ದಿಕ್ಕೆಟ್ಟಂತಹ ವರ್ತನೆ ಮತ್ತು ಸೆಳವು ಇದರ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಸಾವು ಸಂಭವಿಸಬಹುದು. ಇಂತಹ ಸಂದರ್ಭದಲ್ಲಿ ಜೇನುತುಪ್ಪ ಅಥವಾ ಸಕ್ಕರೆಯ ಪಾಕವನ್ನು ಒಸಡಿಗೆ ಸವರಿ, ಕೂಡಲೇ ಪಶುವೈದ್ಯರನ್ನು ಕಾಣಬೇಕು. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ದ್ರವವನ್ನು ಸುರಿಯಬಾರದು, ಏಕೆಂದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಈ ಕಾರಣದಿಂದ, ಚುಚ್ಚುಮದ್ದಿಗೆ ಮುಂಚಿನ ಗ್ಲೂಕೋಸ್ ಮಟ್ಟ ಪದೇಪದೇ ಸಹಜವಾಗಿಯೇ ಇದ್ದಲ್ಲಿ ಪಶುವೈದ್ಯರು ಇನ್ಸುಲಿನ್ ಪ್ರಮಾಣವನ್ನು ಹಂತಹಂತವಾಗಿ, ಸಾಮಾನ್ಯವಾಗಿ ಒಂದು ಬಾರಿಗೆ ಅರ್ಧ ಅಥವಾ ಒಂದು ಯೂನಿಟ್‌ನಂತೆ ಇಳಿಸುತ್ತಾರೆ. ಅತಿ ಕಡಿಮೆ ಪ್ರಮಾಣದಲ್ಲೂ ಗ್ಲೂಕೋಸ್ ಏರದಿದ್ದರೆ ಇನ್ಸುಲಿನ್ ನಿಲ್ಲಿಸಲಾಗುತ್ತದೆ. ಒಂದೆರಡು ದಿನದ ಉತ್ತಮ ಅಂಕಿಗಳನ್ನು ಕಂಡು ಮನೆಯವರೇ ಹಠಾತ್ತನೆ ನಿಲ್ಲಿಸಿದರೆ ಕೀಟೋಆಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಉಂಟಾಗಬಹುದು.

ಬೆಕ್ಸಾಗ್ಲಿಫ್ಲೋಜಿನ್ ಮತ್ತು ವೆಲಾಗ್ಲಿಫ್ಲೋಜಿನ್ ಎಂಬ ಬಾಯಿ ಮೂಲಕ ನೀಡುವ ಔಷಧಗಳಿಗೆ ಅಮೆರಿಕದಲ್ಲಿ ಕ್ರಮವಾಗಿ 2022 ಮತ್ತು 2023ರಲ್ಲಿ ಅನುಮತಿ ದೊರೆಯಿತು. ಇವು ಗ್ಲೂಕೋಸನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವುಗಳನ್ನು ಸೇವಿಸುತ್ತಿರುವ ಬೆಕ್ಕಿನ ರಕ್ತದ ಗ್ಲೂಕೋಸ್ ಸಹಜವಾಗಿ ಕಂಡರೂ ಅದನ್ನು ಉಪಶಮನವೆಂದು ಹೇಳಲಾಗದು.

ನಿಲ್ಲಿಸಿದ ನಂತರದ ನಿಗಾ

ಮರುಕಳಿಕೆಯನ್ನು ಬೇಗ ಗುರುತಿಸಿ, ಬೀಟಾ ಕೋಶಗಳು ಮತ್ತೆ ಸೋಲುವ ಮೊದಲೇ ಚಿಕಿತ್ಸೆ ಆರಂಭಿಸುವುದು ನಿಗಾದ ಉದ್ದೇಶ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನವೂ ಅಥವಾ ದಿನ ಬಿಟ್ಟು ದಿನ, ನಾಲ್ಕನೆಯ ವಾರದವರೆಗೆ ವಾರಕ್ಕೆ ಒಂದೆರಡು ಬಾರಿ, ಅನಂತರ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಲಾಗುತ್ತದೆ. ನಿಖರ ಕ್ರಮವನ್ನು ಪಶುವೈದ್ಯರು ನಿರ್ಧರಿಸುತ್ತಾರೆ.

ರಕ್ತದ ಗ್ಲೂಕೋಸ್: ಕಿವಿಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ, ಹೊರಬರುವ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿನಲ್ಲಿ ಪರೀಕ್ಷಿಸಲಾಗುತ್ತದೆ. ಕಿವಿಯನ್ನು ಮೊದಲು ಬೆಚ್ಚಗೆ ಮಾಡಿದರೆ ರಕ್ತ ಸುಲಭವಾಗಿ ಬರುತ್ತದೆ. ಉಪಶಮನದಲ್ಲಿರುವ ಬೆಕ್ಕಿನ ಉಪವಾಸದ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ ಸುಮಾರು 117 ಮಿಲಿಗ್ರಾಂ ಮೀರದಿದ್ದರೆ ಸಹಜ. ಅದಕ್ಕಿಂತ ಮೇಲೇರಿ 180ರೊಳಗೆ ಇದ್ದರೆ ಪರೀಕ್ಷೆಯನ್ನು ಹೆಚ್ಚಿಸಬೇಕು. 180 ಮೀರಿದ ಅಂಕಿಗಳು ಮತ್ತೆಮತ್ತೆ ಬಂದರೆ ಮರುಕಳಿಕೆಯನ್ನು ಶಂಕಿಸಬೇಕು. ಒಂದೇ ಒಂದು ಹೆಚ್ಚಿನ ಅಂಕಿಯನ್ನು ಆಧಾರವಾಗಿಟ್ಟುಕೊಂಡು ನಿರ್ಧರಿಸಬಾರದು. ಗಾಬರಿಗೊಂಡ ಬೆಕ್ಕಿನ ಗ್ಲೂಕೋಸ್ ತಾತ್ಕಾಲಿಕವಾಗಿ ಬಹಳ ಏರುತ್ತದೆ. ಬುಟ್ಟಿಯಲ್ಲಿ ಕುಳಿತು ಬಸ್ಸಿನಲ್ಲಿ ಆಸ್ಪತ್ರೆಗೆ ಬಂದ ಬೆಕ್ಕಿನ ಅಂಕಿಗಿಂತ ಮನೆಯ ಮೂಲೆಯಲ್ಲಿ ನೆಮ್ಮದಿಯಾಗಿರುವಾಗ ಪಡೆದ ಅಂಕಿ ಹೆಚ್ಚು ನಂಬಲರ್ಹ.

ಮನುಷ್ಯರಿಗಾಗಿ ತಯಾರಾದ ಗ್ಲುಕೋಮೀಟರುಗಳು ಬೆಕ್ಕಿನ ರಕ್ತದಲ್ಲಿ ನೈಜ ಮಟ್ಟಕ್ಕಿಂತ ಸಾಮಾನ್ಯವಾಗಿ ಕಡಿಮೆ ತೋರಿಸುತ್ತವೆ. ಮನುಷ್ಯರ ರಕ್ತದಲ್ಲಿ ಗ್ಲೂಕೋಸಿನ ದೊಡ್ಡ ಪಾಲು ಕೆಂಪು ರಕ್ತಕಣಗಳೊಳಗೆ ಇದ್ದರೆ, ಬೆಕ್ಕಿನಲ್ಲಿ ಅದು ಬಹುತೇಕ ಪ್ಲಾಸ್ಮಾದಲ್ಲೇ ಇರುತ್ತದೆ. ಹಾಗಾಗಿ ಇಂತಹ ಯಂತ್ರ 110 ಎಂದು ತೋರಿಸಿದಾಗ ನೈಜ ಅಂಕಿ ಅದಕ್ಕಿಂತ ಹೆಚ್ಚಿರಬಹುದು. ಪ್ರಾಣಿಗಳಿಗೆ ಹೊಂದಿಸಿದ ಯಂತ್ರ ದೊರೆಯದಿದ್ದರೆ ಪ್ರತಿಬಾರಿಯೂ ಅದೇ ಯಂತ್ರವನ್ನು ಬಳಸಿ, ಅಂಕಿಗಳ ಏರಿಳಿತದ ದಿಕ್ಕನ್ನು ಗಮನಿಸಬೇಕು. ಚರ್ಮಕ್ಕೆ ಅಂಟಿಸುವ, 14 ದಿನಗಳವರೆಗೆ ಕೆಲಸ ಮಾಡುವ ಗ್ಲೂಕೋಸ್ ಸಂವೇದಕಗಳನ್ನೂ ಬೆಕ್ಕುಗಳಲ್ಲಿ ಬಳಸಲಾಗುತ್ತಿದೆ.

ಮೂತ್ರ: ಮನುಷ್ಯರಲ್ಲಿ ರಕ್ತದ ಗ್ಲೂಕೋಸ್ ಸುಮಾರು 180 ದಾಟಿದಾಗ ಅದು ಮೂತ್ರದಲ್ಲಿ ಕಾಣಿಸಿಕೊಂಡರೆ, ಬೆಕ್ಕಿನಲ್ಲಿ ಸುಮಾರು 270 ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಸಿಹಿಮೂತ್ರದ ಗುರುತಾಗಿ ಜನ ಬಹುಕಾಲದಿಂದ ಬಲ್ಲರು. ಬೆಕ್ಕಿನ ವಿಷಯದಲ್ಲಿ ಇದು ತಡವಾಗಿ ಸಿಗುವ ಸುಳಿವು. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಗ್ಲೂಕೋಸ್ ಇಲ್ಲವೆಂದು ಬಂದರೆ ಉಪಶಮನ ಮುಂದುವರಿದಿದೆ ಎಂದು ಹೇಳಲಾಗದು; ಇದೆಯೆಂದು ಬಂದರೆ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು. ಕೀಟೋನ್ ಕಂಡುಬಂದು ಬೆಕ್ಕು ಆಹಾರ ಬಿಟ್ಟಿದ್ದರೆ ಅದು ತುರ್ತುಸ್ಥಿತಿ.

ತೂಕ: ಹಸಿವು ಚೆನ್ನಾಗಿದ್ದೂ ತೂಕ ಇಳಿಯುವುದು ಮರುಕಳಿಕೆಯ ಮುಖ್ಯ ಸೂಚನೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. 4 ಕಿಲೋಗ್ರಾಂ ತೂಕದ ಬೆಕ್ಕಿಗೆ 200 ಗ್ರಾಂ ಇಳಿಕೆ ಎಂದರೆ ಶೇ. 5ರಷ್ಟು ನಷ್ಟ, ಕಣ್ಣಳತೆಗೆ ಇದು ತಿಳಿಯುವುದಿಲ್ಲ.

ಫ್ರಕ್ಟೋಸಮೈನ್: ಹಿಂದಿನ ಒಂದೆರಡು ವಾರಗಳ ಸರಾಸರಿ ಗ್ಲೂಕೋಸ್ ಮಟ್ಟವನ್ನು ಸೂಚಿಸುವ ಈ ರಕ್ತಪರೀಕ್ಷೆಯು ಕ್ಷಣಿಕ ಗಾಬರಿಯಿಂದ ಬದಲಾಗುವುದಿಲ್ಲ. ಆದರೆ ಸೌಮ್ಯ ಏರಿಕೆಯನ್ನು ಇದು ತಪ್ಪಿಸಬಹುದಾದ್ದರಿಂದ ಮನೆಯ ಪರೀಕ್ಷೆಗೆ ಪೂರಕವಾಗಿ ಮಾತ್ರ ಬಳಸಲಾಗುತ್ತದೆ.

ಮರುಕಳಿಕೆ

ಗಾಟ್ಲೀಬ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಪಶಮನದಲ್ಲಿದ್ದ 21 ಬೆಕ್ಕುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಗ್ಲೂಕೋಸ್ ಸಹಿಷ್ಣುತೆ ಕುಂದಿತ್ತು. ಹೊರನೋಟಕ್ಕೆ ಆರೋಗ್ಯವಾಗಿ ಕಂಡರೂ ಬೀಟಾ ಕೋಶಗಳ ಮೀಸಲು ಶಕ್ತಿ ಕಡಿಮೆಯೇ ಇರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಅಲ್ಲಿಯೂ ಹೆಚ್ಚುಕಡಿಮೆ ಮೂರನೇ ಒಂದು ಭಾಗದ ಬೆಕ್ಕುಗಳಿಗೆ ರೋಗ ಮರಳಿತು.

ಮತ್ತೆ ಬೊಜ್ಜು ಬೆಳೆಯುವುದು, ಹಲ್ಲು ಮತ್ತು ಒಸಡಿನ ಸೋಂಕು, ಮೂತ್ರನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಹಾಗೂ ಸ್ಟೀರಾಯ್ಡ್ ಬಳಕೆ ಮರುಕಳಿಕೆಗೆ ಪ್ರಚೋದಕಗಳು. ತುರಿಕೆ ಅಥವಾ ಅಲರ್ಜಿಗೆ ನೀಡುವ ದೀರ್ಘಕಾಲೀನ ಸ್ಟೀರಾಯ್ಡ್ ಚುಚ್ಚುಮದ್ದು ವಿಶೇಷವಾಗಿ ಅಪಾಯಕಾರಿ; ಒಮ್ಮೆ ನೀಡಿದ ಮೇಲೆ ಅದರ ಪರಿಣಾಮವನ್ನು ಹಿಂಪಡೆಯಲಾಗದು. ಬೆಕ್ಕಿಗೆ ಹಿಂದೆ ಮಧುಮೇಹವಿತ್ತೆಂಬುದನ್ನು ಚಿಕಿತ್ಸೆ ನೀಡುವ ಪ್ರತಿಯೊಬ್ಬ ವೈದ್ಯರಿಗೂ ತಿಳಿಸಬೇಕು. ಮರುಕಳಿಕೆ ಖಚಿತವಾದರೆ ತಡಮಾಡದೆ ಇನ್ಸುಲಿನ್ ಪುನರಾರಂಭಿಸಲಾಗುತ್ತದೆ. ಎರಡನೇ ಬಾರಿ ಉಪಶಮನ ಸಾಧ್ಯವಿದ್ದರೂ ಮೊದಲ ಬಾರಿಯಷ್ಟು ಸುಲಭವಲ್ಲ.

ಆಹಾರ

ಬೆಕ್ಕು ಮೂಲತಃ ಮಾಂಸಾಹಾರಿ. ಹೆಚ್ಚಿನ ಪಿಷ್ಟವನ್ನು ನಿಭಾಯಿಸುವ ಅದರ ಯಕೃತ್ತಿನ ಸಾಮರ್ಥ್ಯ ಸೀಮಿತ. ಪ್ರೋಟೀನ್ ಹೆಚ್ಚಿರುವ, ಶಕ್ತಿಯ ಶೇ. 12ಕ್ಕಿಂತ ಕಡಿಮೆ ಪಾಲು ಪಿಷ್ಟದಿಂದ ಬರುವ ಆಹಾರವನ್ನು ಉಪಶಮನದ ನಂತರವೂ ಮುಂದುವರಿಸಲು ಸಲಹೆ ನೀಡಲಾಗುತ್ತದೆ. ಕರ್ನಾಟಕದ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲು ಕಲಸಿದ ಅನ್ನ ಅಥವಾ ಮುದ್ದೆ ಹಾಕುವ ರೂಢಿಯಿದ್ದು, ಇವು ಪಿಷ್ಟಪ್ರಧಾನ ಆಹಾರಗಳು. ಬೇಯಿಸಿದ ಕೋಳಿಮಾಂಸ, ಮೀನು ಮತ್ತು ಮೊಟ್ಟೆ ಇದಕ್ಕೆ ಹತ್ತಿರದ ಪರ್ಯಾಯಗಳಾದರೂ, ಟಾರಿನ್, ಕ್ಯಾಲ್ಸಿಯಂ ಮುಂತಾದ ಪೋಷಕಾಂಶಗಳ ಕೊರತೆಯಾಗದಂತೆ ಪಶುವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಪಡೆಯುತ್ತಿರುವಾಗಲೇ ಆಹಾರದ ಪಿಷ್ಟವನ್ನು ಹಠಾತ್ತನೆ ಇಳಿಸಿದರೆ ಗ್ಲೂಕೋಸ್ ಕುಸಿಯುವ ಅಪಾಯವಿರುವುದರಿಂದ ಆ ಬದಲಾವಣೆಯನ್ನೂ ವೈದ್ಯರ ನಿಗಾದಲ್ಲೇ ಮಾಡಬೇಕು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಪ್ರದೇಶದಲ್ಲಿ ನಿಗಾ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕರ್ನಾಟಕದ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಕುರಿ ಮತ್ತು ದನಗಳ ಸಾಕಣೆ ಇಲ್ಲಿನ ಜೀವನಾಧಾರಗಳಲ್ಲಿ ಒಂದಾಗಿದ್ದು, ಪಶುವೈದ್ಯ ಸೇವೆಯೂ ಸಹಜವಾಗಿ ಜಾನುವಾರುಗಳ ಸುತ್ತ ಬೆಳೆದಿದೆ. ಜಿಲ್ಲಾ ಕೇಂದ್ರ ಚಿತ್ರದುರ್ಗ ಚಳ್ಳಕೆರೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಉನ್ನತ ಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳನ್ನು ಅವಲಂಬಿಸಬಹುದು. ಪ್ರಯಾಣ ದೀರ್ಘವಾದಷ್ಟೂ ಬೆಕ್ಕಿನ ಗಾಬರಿಯೂ ಹೆಚ್ಚುವುದರಿಂದ ಮನೆಯಲ್ಲಿ ಬರೆದಿಟ್ಟ ಗ್ಲೂಕೋಸ್ ಮತ್ತು ತೂಕದ ದಾಖಲೆ ಇಲ್ಲಿ ಹೆಚ್ಚಿನ ಮಹತ್ವ ಪಡೆಯುತ್ತದೆ. ಅದನ್ನು ದೂರದ ವೈದ್ಯರಿಗೆ ಫೋನಿನ ಮೂಲಕವೂ ಕಳುಹಿಸಬಹುದು.

ಬೇಸಿಗೆಯ ಬಿಸಿಲು ಲಕ್ಷಣಗಳನ್ನು ಮಸುಕುಗೊಳಿಸುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಎಲ್ಲ ಬೆಕ್ಕುಗಳೂ ಹೆಚ್ಚು ನೀರು ಕುಡಿಯುವುದರಿಂದ ಬಾಯಾರಿಕೆಯೊಂದನ್ನೇ ಮರುಕಳಿಕೆಯ ಗುರುತಾಗಿ ತೆಗೆದುಕೊಳ್ಳಲಾಗದು. ಬಿಸಿಲಿನ ಕಾರಣವೆಂದು ಕಡೆಗಣಿಸುವುದೂ ಸರಿಯಲ್ಲ. ಹೊರಗೆ ಅಡ್ಡಾಡಿ ಮಣ್ಣಿನಲ್ಲಿ ಮೂತ್ರ ಮಾಡುವ ಬೆಕ್ಕುಗಳ ಮೂತ್ರವನ್ನು ಗಮನಿಸುವುದೂ ಕಷ್ಟ. ಇಂತಹ ಸಂದರ್ಭದಲ್ಲಿ ವಾರದ ತೂಕ ಮತ್ತು ಕಿವಿಯ ರಕ್ತದ ಪರೀಕ್ಷೆಯೇ ಆಧಾರ.

ಮರುಕಳಿಕೆಯ ಸಾಧ್ಯತೆ ಇರುವುದರಿಂದ ಇನ್ಸುಲಿನ್ ಎಲ್ಲಿ ದೊರೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ. ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ತೆರೆದು ತಿಂಗಳುಗಳಾದ ಅಥವಾ ಬಿಸಿಲಿಗೆ ಸಿಕ್ಕ ಬಾಟಲಿಯನ್ನು ಮತ್ತೆ ಬಳಸಬಾರದು. ಭಾರತದ ಔಷಧ ಅಂಗಡಿಗಳಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಸಾಂದ್ರತೆಯ ಇನ್ಸುಲಿನ್‌ಗಳೆರಡೂ, ಅವುಗಳಿಗೆ ಪ್ರತ್ಯೇಕ ಸಿರಿಂಜುಗಳೂ ಮಾರಾಟವಾಗುತ್ತವೆ. 100 ಯೂನಿಟ್ ಸಾಂದ್ರತೆಯ ಗ್ಲಾರ್ಜಿನ್ ಇನ್ಸುಲಿನನ್ನು 40 ಯೂನಿಟ್ ಸಿರಿಂಜಿನಲ್ಲಿ ಅಳೆದರೆ ಬೆಕ್ಕಿಗೆ ಎರಡೂವರೆ ಪಟ್ಟು ಹೆಚ್ಚು ಔಷಧ ಸೇರುತ್ತದೆ. ಒಂದೆರಡು ಯೂನಿಟ್ ಪಡೆಯುವ ಸಣ್ಣ ಪ್ರಾಣಿಗೆ ಈ ವ್ಯತ್ಯಾಸ ಮಾರಕವಾಗಬಲ್ಲದು. ಆದ್ದರಿಂದ ಬಾಟಲಿ ಮತ್ತು ಸಿರಿಂಜು ಹೊಂದುತ್ತವೆಯೇ ಎಂಬುದನ್ನು ಕೊಳ್ಳುವಾಗಲೇ ಪರಿಶೀಲಿಸಬೇಕಾಗುತ್ತದೆ.