ವಿದ್ಯಾರ್ಹತೆ ಗಳಿಕೆಯ ಅನಂತರದ ದುಡಿಮೆ ಅವಧಿ ಕಡಿತ

ದುಡಿಮೆ ಅವಧಿ ಕಡಿತ ಎಂದರೆ ನೌಕರನನ್ನು ಕೆಲಸದಿಂದ ತೆಗೆಯದೆ, ಅವನಿಗೆ ಕೊಡುತ್ತಿದ್ದ ಗಂಟೆ, ಪಾಳಿ ಅಥವಾ ಪಾಠದ ಅವಧಿಗಳನ್ನು ಮಾಲೀಕನು ಇಳಿಸುವುದು. ನೌಕರನು ಹೊಸ ಪದವಿಯನ್ನೋ ಪ್ರಮಾಣಪತ್ರವನ್ನೋ ಗಳಿಸಿ ಹೆಚ್ಚಿನ ವೇತನ ಕೇಳಬಹುದಾದ ಹೊತ್ತಿನಲ್ಲಿಯೇ ಇದು ನಡೆಯುವುದುಂಟು. ಭಾರತದ ಕಾರ್ಮಿಕ ಕಾನೂನಿನಲ್ಲಿ ಇಂಥ ಸಂದರ್ಭಕ್ಕೆಂದೇ ಪ್ರತ್ಯೇಕ ಕಲಮು ಇಲ್ಲ. ಸೇವಾ ಷರತ್ತುಗಳ ಬದಲಾವಣೆಯನ್ನು ನಿಯಂತ್ರಿಸುವ ನಿಯಮಗಳೇ ಇಲ್ಲಿ ಆಧಾರ. ಅವು ಅನ್ವಯಿಸುವುದು ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಎನಿಸಿಕೊಂಡವರಿಗೆ ಮಾತ್ರ.

ಕಾರ್ಮಿಕರಿಗಿರುವ ರಕ್ಷಣೆ

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಂತೆ, ಕೆಲಸದ ಗಂಟೆಗಳನ್ನು ಬದಲಿಸಲು ಮಾಲೀಕನು 21 ದಿನ ಮೊದಲೇ ನೋಟಿಸು ಕೊಡಬೇಕಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ 40ನೆಯ ಕಲಮು ಈ ನಿಯಮವನ್ನು ಉಳಿಸಿಕೊಂಡಿದೆ.

ಇದಕ್ಕಿಂತ ಹೆಚ್ಚು ಉಪಯುಕ್ತವಾದರೂ ಕಡಿಮೆ ಜನರಿಗೆ ತಿಳಿದಿರುವುದು ವೇತನ ಸಂಹಿತೆ, 2019ರ 10ನೆಯ ಕಲಮು. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದವನಿಗೆ ಮಾಲೀಕನು ಪೂರ್ತಿ ಕೆಲಸ ಕೊಡದೆ ಅರ್ಧ ದಿನಕ್ಕೇ ಮನೆಗೆ ಕಳಿಸಿದರೂ, ಸಾಮಾನ್ಯವಾಗಿ ಪೂರ್ಣ ದಿನದ ವೇತನ ಸಲ್ಲಬೇಕು. ದುಡಿಯಲು ಅವನೇ ಒಪ್ಪದಿದ್ದರೆ ಈ ಹಕ್ಕಿಲ್ಲ. ರಾಮದುರ್ಗದ ಮಗ್ಗದ ಘಟಕದಲ್ಲಾಗಲಿ ಬೈಲಹೊಂಗಲದ ಹತ್ತಿ ಕಾರ್ಖಾನೆಯಲ್ಲಾಗಲಿ ಐಟಿಐ ಮುಗಿಸಿದ ಸಹಾಯಕನೊಬ್ಬನ ಗಂಟೆಗಳು ಇಳಿದರೆ ಮೊದಲು ನೋಡಬೇಕಾದದ್ದು ಈ ಕಲಮನ್ನೇ. ಆದರೆ ಪ್ರಮಾಣಪತ್ರ ಕೈಸೇರಿದ ಮಾತ್ರಕ್ಕೆ ಕುಶಲ ಕಾರ್ಮಿಕನ ದರ ದೊರೆಯದು; ಮಾಡುವ ಕೆಲಸವೂ ಆ ವರ್ಗದ್ದಾಗಿರಬೇಕು.

ಶಿಕ್ಷಕರು ಮತ್ತು ಅತಿಥಿ ಉಪನ್ಯಾಸಕರು

ವಿದ್ಯಾರ್ಹತೆಯ ಪ್ರಶ್ನೆ ಅತಿ ಹೆಚ್ಚು ಏಳುವುದು ಶಿಕ್ಷಣ ಕ್ಷೇತ್ರದಲ್ಲಿ. ಕಾನೂನಿನ ರಕ್ಷಣೆ ತೆಳುವಾಗಿರುವುದೂ ಅಲ್ಲಿಯೇ. ಎ. ಸುಂದರಾಂಬಾಳ್ ಪ್ರಕರಣದಲ್ಲಿ (1988) ಸರ್ವೋಚ್ಚ ನ್ಯಾಯಾಲಯವು ಶಿಕ್ಷಕರು ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ತೀರ್ಪಿತ್ತಿತು. ಹೀಗಾಗಿ 21 ದಿನಗಳ ನೋಟಿಸಿನ ನಿಯಮ ಅವರಿಗೆ ಒದಗದು. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೆಯ ಕಲಮಿನಡಿ ಖಾಸಗಿ ಶಾಲೆಯ ಶಿಕ್ಷಕರು ವಜಾ, ಸೇವೆಯಿಂದ ತೆಗೆಯುವಿಕೆ ಮತ್ತು ಹಿಂಬಡ್ತಿಗಳ ವಿರುದ್ಧ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅವಧಿ ಕಡಿತ ಈ ಸಾಲಿನಲ್ಲಿ ಸೇರಿಲ್ಲ, ಇದು ದೊಡ್ಡ ಕೊರತೆಯೇ ಸರಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಸಂಭಾವನೆ ನೇರವಾಗಿ ಅರ್ಹತೆಗೆ ಹೊಂದಿಕೊಂಡಿದೆ. 2022ರ ಜನವರಿಯ ಪರಿಷ್ಕರಣೆಯಲ್ಲಿ ಐದು ವರ್ಷಕ್ಕಿಂತ ಹೆಚ್ಚಿನ ಸೇವೆಯುಳ್ಳ, ಯುಜಿಸಿ ಅರ್ಹತೆ ಪಡೆದವರಿಗೆ ತಿಂಗಳಿಗೆ 32,000 ರೂಪಾಯಿ, ಅಷ್ಟೇ ಸೇವೆಯಿದ್ದು ಆ ಅರ್ಹತೆಯಿಲ್ಲದವರಿಗೆ 28,000 ರೂಪಾಯಿ ನಿಗದಿಯಾಯಿತು. ಜೊತೆಗೆ ವಾರದ ಬೋಧನೆ 8–10 ಗಂಟೆಗಳಿಂದ 15 ಗಂಟೆಗೆ ಏರಿತು. ಇದ್ದ ಪಾಠಗಳೇ ಕಡಿಮೆ ಜನರಿಗೆ ಹಂಚಿಹೋದುದರಿಂದ ಕೆಲಸ ಕಳೆದುಕೊಳ್ಳುವ ಆತಂಕ ಹುಟ್ಟಿತು. ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಪಡೆದವರು ಆಯ್ಕೆಯಲ್ಲಿ ಮುಂದೆ ಬರಬಹುದು, ಗಂಟೆಗಳಿಗೆ ಮಾತ್ರ ಖಾತರಿಯಿಲ್ಲ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದ ತೀರ್ಪಿನಂತೆ (2006) ತಾತ್ಕಾಲಿಕ ಸೇವೆಯಿಂದಲೇ ಕಾಯಂ ಹುದ್ದೆಯ ಹಕ್ಕೂ ಹುಟ್ಟುವುದಿಲ್ಲ.

ದೂರು ಸಲ್ಲಿಕೆ

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಒಂದು ವರ್ಷದೊಳಗೆ ಅದಕ್ಕೆ ಅರ್ಜಿ ಕೊಡಬಹುದು. ವೇತನ ಬಾಕಿಯ ಕೋರಿಕೆಗೆ ಮೂರು ವರ್ಷಗಳ ಕಾಲಾವಕಾಶವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು ಬೆಳಗಾವಿ ಜಿಲ್ಲೆಗೆ ಸೇರಿದ್ದು, ಅಲ್ಲಿಯವರು ಜಿಲ್ಲೆಯ ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನೇಮಕಾತಿ ಪತ್ರ, ಹಳೆಯ ಮತ್ತು ಹೊಸ ವೇಳಾಪಟ್ಟಿ, ಹಾಜರಿ ಹಾಗೂ ವೇತನ ಚೀಟಿಗಳು, ಪ್ರಮಾಣಪತ್ರವನ್ನು ಸಂಸ್ಥೆಗೆ ಸಲ್ಲಿಸಿದ ದಿನಾಂಕದ ಸ್ವೀಕೃತಿ ಇವು ಮುಖ್ಯ ಪುರಾವೆಗಳಾಗುತ್ತವೆ.